ಅಂಗೈ ಅಂಚಿನ ನೀಲಿ

ಜನವರಿ 6

ಅಕ್ಕಾ,

ಇದು ಬಲಗೈ. ಅಕ್ಷರ ಕುಂಬಳಕಾಯಿ ಗಾತ್ರ ಇವೆ, ನಗಬೇಡ. ಇಷ್ಟಕ್ಕೇ ಬೆಳಗ್ಗೆಯೆಲ್ಲ ಹೋಯಿತು.

ಈ ಆರೈಕೆ ಮನೆಯಲ್ಲಿ ನನ್ನ ಕೈ ಪಳಗಿಸುವ ಟೀಚರ್ ಅಪ್ಪಣೆ ಮಾಡಿದ್ದಾರೆ. ಫೋನ್ ಬೇಡ, ಯಾರಿಗಾದರೂ ಕಾಗದ ಬರಿ, ಈ ಕೈಯಲ್ಲೇ ಬರಿ ಅಂತ. ಪಾಪ, ನೀನು ಸಿಕ್ಕಿಬಿದ್ದೆ.

ಉತ್ತರ ಉದ್ದ ಇರಲಿ. ಹೊತ್ತು ಹೋಗಲ್ಲ.

ಗುಬ್ಬಿ


ಜನವರಿ 19

ಗುಬ್ಬೀ,

ಆಶೀರ್ವಾದ, ಕ್ಷೇಮ ಸಮಾಚಾರ ಎಲ್ಲ ಬರೆದಾಯಿತು ಅಂತ ತಿಳಿದುಕೋ, ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಕುಂಬಳಕಾಯಿಗಳು ತಲುಪಿದವು. ಒಂದೊಂದೂ ಒಂದೊಂದು ಕಡೆಗೆ ಉರುಳಿಕೊಂಡು ಹೋಗುತ್ತಿದ್ದವು, ಹಿಡಿದು ಹಿಡಿದು ಓದಿದೆ. ಓದಿ ಸ್ವಲ್ಪ ಅತ್ತೆ ಕೂಡ, ಅದನ್ನೇನು ಮುಚ್ಚಿಡುವುದು. ಊರಿನ ಅರ್ಧ ಅಂಗಡಿಗಳ ಹೆಸರು ಬರೆದ ಕೈ ಅದು.

ಹೋದ ಸಲ ಊರಿಗೆ ಹೋಗಿದ್ದಾಗ ಆ ಚಪ್ಪಲಿ ಅಂಗಡಿಯ ಮುಂದೆ ಹಾದುಹೋದೆ. ನೀನು ಏಣಿಯಿಂದ ಬಿದ್ದ ದಿನ ಎಲ್ಲಿಗೆ ನಿಲ್ಲಿಸಿದ್ದೆಯೋ ಬೋರ್ಡು ಅಲ್ಲಿಗೇ ನಿಂತಿದೆ. ಅರ್ಧ ಹೆಸರು, ಆಮೇಲೆ ಬರೀ ಬಿಳಿ. ಬೇರೆ ಯಾರ ಕೈಲಾದರೂ ಬರೆಸಬಾರದೇ ಅಂತ ಕೇಳಿದೆ. "ಅವನೇ ಬಂದು ಮುಗಿಸ್ಲಿ ಬಿಡಿ. ಚಪ್ಪಲಿ ಮಾರೋಕೆ ಅರ್ಧ ಹೆಸರು ಸಾಕು" ಅಂದರು ಅಂಗಡಿಯವರು. ಈ ಮಾತನ್ನು ದಿಂಬಿನ ಕೆಳಗೆ ಇಟ್ಟುಕೋ.

ಈಗ ನನ್ನ ಕಡೆಯ ವಿಷಯ. ದೂರದರ್ಶಕದ ಕನ್ನಡಿ ಅಂದರೆ ನೀನು ಬಚ್ಚಲುಮನೆಯ ಕನ್ನಡಿಯನ್ನು ನೆನೆಸಿಕೊಂಡು ನಗುತ್ತಿದ್ದೆ. ಇದು ಊಟದ ಮೇಜಿನಷ್ಟು ಅಗಲದ ಗಾಜು. ನಡುವೆ ತಟ್ಟೆಯಂತೆ ಕೊಂಚವೇ ತಗ್ಗಿರಬೇಕು, ಆ ತಗ್ಗು ಎಲ್ಲಿಯೂ ಕೂದಲೆಳೆಯಷ್ಟೂ ತಪ್ಪಬಾರದು. ಗಾಜಿನ ಮೇಲೆ ಪುಡಿ, ನೀರು, ಅದರ ಮೇಲೆ ತಿಕ್ಕುವ ಬಿಲ್ಲೆ. ತಳ್ಳುವುದು, ಎಳೆಯುವುದು, ಪೀಠದ ಸುತ್ತ ಒಂದು ಹೆಜ್ಜೆ ಸರಿಯುವುದು. ಮತ್ತೆ ತಳ್ಳುವುದು. ಮೊದಲು ಬೂದು ಪುಡಿ, ಬರಬರುತ್ತ ನಯವಾದದ್ದು. ಕಡೆಗೆ ಹೊಳಪಿಗೆ ಕೆಂಪು ಪುಡಿ. ಕೆಂಪು ಬಂದಮೇಲೆ ಬೂದಿನ ಡಬ್ಬವನ್ನು ಆ ಕೋಣೆಗೆ ತರುವ ಹಾಗೇ ಇಲ್ಲ, ಒಂದು ಕಣ ಬಿದ್ದರೂ ಗೀರಾಗುತ್ತದೆ. ಹೋದ ವರ್ಷವೆಲ್ಲ ಬೂದಿನಲ್ಲೇ ಕಳೆದೆ. ಇನ್ನೊಂದು ತಿಂಗಳಿಗೆ ಕೆಂಪು.

ಒಂದು ಒಪ್ಪಂದ ಮಾಡಿಕೊಳ್ಳೋಣ. ನಾನು ಗಾಜು ಬಿಡುವುದಿಲ್ಲ, ನೀನು ಬಲಗೈ ಬಿಡಬೇಡ. ಇನ್ನು ಬೇಸರದ ಮಾತೆತ್ತಬೇಡ. ನಿಮ್ಮ ಅಕ್ಕನಿಗೆ ಬೇಸರ ಅಂದರೆ ಏನು ಅಂತಲೇ ಗೊತ್ತಿಲ್ಲ.

ಬಾಲ್ ಪೆನ್ನಿಗೆ ಒತ್ತಬೇಕು, ಕೈ ನೋಯುತ್ತದೆ. ಇಂಕ್ ಪೆನ್ನು ಕಳಿಸಿದ್ದೇನೆ, ಜೊತೆಗೆ ನೀಲಿ ಶಾಯಿ.

ಅಕ್ಕ


ಫೆಬ್ರವರಿ 11

ಅಕ್ಕಾ,

ಪೆನ್ನು ಬಂತು. ಚೆನ್ನಾಗಿದೆ.

ಬೆಳಗ್ಗೆ ಟೀಚರ್ ಎರಡು ಬಟ್ಟಲು ತಂದಿಡುತ್ತಾರೆ. ಒಂದರಲ್ಲಿ ಅಂಗಿಯ ಗುಂಡಿಗಳು. ಒಂದೊಂದಾಗಿ ಹೆಕ್ಕಿ ಇನ್ನೊಂದಕ್ಕೆ ಹಾಕಬೇಕು. ಮುಗಿದಮೇಲೆ ಅದರಿಂದ ಇದಕ್ಕೆ. ಇದೇ ನನ್ನ ಉದ್ಯೋಗ. ಅವರಿಗೆ ಗುಂಡಿ ಟೀಚರ್ ಅಂತ ಹೆಸರಿಟ್ಟಿದ್ದೇವೆ.

ಹೆಬ್ಬೆರಳಿಗೆ ಬಿಸಿ, ತಣ್ಣಗೆ ಏನೂ ತಿಳಿಯಲ್ಲ. ನರ ಉಗುರಿನಷ್ಟೇ ನಿಧಾನ ಬೆಳೆಯುತ್ತಂತೆ. ಅದು ಬಂದು ಬಾಗಿಲು ತಟ್ಟುವ ಹೊತ್ತಿಗೆ ಬೆರಳು ಎಚ್ಚರ ಇರಬೇಕಂತೆ. ಮಲಗಿದ್ದರೆ ವಾಪಸ್ಸು ಹೋಗುತ್ತಂತೆ, ಮತ್ತೆ ಬರಲ್ಲವಂತೆ.

ನಿನಗೆ ನಿಜವಾಗಿಯೂ ಬೇಸರ ಬರಲ್ಲವಾ?

ಗುಬ್ಬಿ


ಮಾರ್ಚ್ 8

ಗುಬ್ಬೀ,

ನಿಜವಾಗಿಯೂ ಬರುವುದಿಲ್ಲ ಕಣೋ. ಯಾಕೆ ಬರಬೇಕು? ಕೆಂಪು ಪುಡಿ ಶುರುವಾಗಿದೆ. ಉಗುರೆಲ್ಲ ಕೆಂಪು, ಮದುಮಗಳ ಹಾಗೆ ಓಡಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಏನು ಭಾಗ್ಯ ನೋಡು.

ಗಾಜಿಗೆ ಕಣ್ಣು ಬರುತ್ತಿದೆ. ಮಂಕಾಗಿದ್ದದ್ದು ಅಂಚಿನಿಂದ ತಿಳಿಯಾಗುತ್ತ ಬರುತ್ತಿದೆ. ಬಗ್ಗಿ ನೋಡಿದರೆ ಮೇಲಿನ ದೀಪ ಎಲ್ಲೋ ಆಳದಲ್ಲಿ ತೇಲುತ್ತಿರುತ್ತದೆ. ಮಧ್ಯಾಹ್ನದ ಹೊತ್ತು ಸುತ್ತುತ್ತ ಸುತ್ತುತ್ತ ನಾನು ನಿಂತಲ್ಲೇ ಇದ್ದೇನೆ, ಕೋಣೆ, ಕಿಟಕಿ, ಹೊರಗಿನ ಬೆಟ್ಟ ಇವೇ ನನ್ನ ಸುತ್ತ ನಡೆಯುತ್ತಿವೆ ಅನ್ನಿಸುತ್ತದೆ. ಎಷ್ಟು ಹೊತ್ತಾಯಿತು ಅಂತಲೂ ತಿಳಿಯುವುದಿಲ್ಲ. ಕೈ ತನ್ನ ಪಾಡಿಗೆ ಮಾಡಿಕೊಂಡು ಹೋಗುತ್ತದೆ. ಎಷ್ಟೋ ಸಲ ಕೆರೆಯ ಮೇಲೆ ಬಗ್ಗಿ ನೀರನ್ನೇ ಒರೆಸುತ್ತಿದ್ದೇನೆ ಅನ್ನಿಸಿ ನಗು ಬರುತ್ತದೆ.

ನಿನಗೊಂದು ಉಪಾಯ ಹೇಳುತ್ತೇನೆ. ಗುಂಡಿ ಹೆಕ್ಕುವಾಗ ಹಾಡಿಕೋ. ನಾನು ನಿನ್ನ ತೊಟ್ಟಿಲು ತೂಗುವಾಗ ಒಂದು ಪದ ಹಾಡುತ್ತಿದ್ದೆನಲ್ಲ, ಅಮ್ಮ ಕೆಲಸಕ್ಕೆ ಹೋದಾಗ? ನಾನು ಬಿಲ್ಲೆ ತಳ್ಳುವಾಗ ಈಗಲೂ ಅದನ್ನೇ ಗುನುಗುತ್ತೇನೆ. ಆ ಲಯಕ್ಕೆ ಕೈ ತಾನೇ ಹೋಗುತ್ತದೆ, ತಾನೇ ಬರುತ್ತದೆ. ಮನಸ್ಸು ಎಲ್ಲಿ ಬೇಕಾದರೂ ತಿರುಗಾಡಿಕೊಂಡು ಬರಬಹುದು. ಹೆಚ್ಚಾಗಿ ನಿನ್ನ ಹತ್ತಿರವೇ ಬಂದಿರುತ್ತದೆ.

ದಿನಾ ಮಾಡು. ತಲೆ ಕೆಡಿಸಿಕೊಳ್ಳಬೇಡ, ಸುಮ್ಮನೆ ಮಾಡು. ಅಕ್ಕನನ್ನು ನೋಡಿ ಕಲಿ.

ಅಕ್ಕ


ಏಪ್ರಿಲ್ 4

ಅಕ್ಕಾ,

ಹೇಗಿದೆ ಅಕ್ಷರ? ಕುಂಬಳಕಾಯಿ ಸುಗ್ಗಿ ಮುಗಿಯಿತು ಅಂತ ತಿಳಿದುಕೋ. ಈ ಕಾಗದವನ್ನು ಒಂದೇ ಕೂತಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆರೈಕೆ ಮನೆಯ ವಿಷಯ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಉದ್ದನೆಯ ಓಣಿ, ಒಂದು ಪಕ್ಕಕ್ಕೆ ಕಿಟಕಿಗಳು. ಕಿಟಕಿಯಾಚೆ ಹಳಿಗಳು, ರೈಲು ಡಬ್ಬಿಗಳನ್ನು ಬಿಚ್ಚಿ ಜೋಡಿಸುವ ಜಾಗ. ಇಡೀ ದಿನ ಒಂದು ಎಂಜಿನ್ನು ಡಬ್ಬಿಗಳನ್ನು ಅತ್ತ ತಳ್ಳುತ್ತದೆ, ಇತ್ತ ಎಳೆಯುತ್ತದೆ. ಎಲ್ಲಿಗೂ ಹೋಗುವುದಿಲ್ಲ. ನನ್ನ ಪಕ್ಕದ ಮಂಚದ ತಾತ ಮೊದಲು ಎಂಜಿನ್ ಡ್ರೈವರ್ ಆಗಿದ್ದವರು, ಈಗ ನಡೆಯುವುದನ್ನು ಹೊಸದಾಗಿ ಕಲಿಯುತ್ತಿದ್ದಾರೆ. ಬೆಳಗ್ಗೆ ಓಣಿಯ ಈ ತುದಿಯಿಂದ ಹೊರಟರೆ ಆ ತುದಿ ಮುಟ್ಟುವಾಗ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿರುತ್ತದೆ. ಯಾರಾದರೂ ಪಕ್ಕಕ್ಕೆ ಸರಿಯದಿದ್ದರೆ ಬಾಯಲ್ಲೇ ಸೀಟಿ ಹೊಡೆಯುತ್ತಾರೆ.

ಮೊನ್ನೆ ಒಂದು ಕನಸು. ಬೆಳಗಿನ ಜಾವ ನನ್ನ ಬಲಗೈ ಮೆಲ್ಲಗೆ ಎದ್ದು, ಬೆಕ್ಕಿನ ಹಾಗೆ ಕಿಟಕಿ ದಾಟಿ ಹೊರಗೆ ಹೋಯಿತು. ನಾನು ಮಲಗಿಯೇ ನೋಡುತ್ತಿದ್ದೆ. ಅದು ಡಬ್ಬಿಗಳ ಮೇಲೆ, ನೀರಿನ ಟ್ಯಾಂಕುಗಳ ಮೇಲೆ, ಮನೆಗಳ ಮಾಡಿನ ಮೇಲೆ ಹೆಸರುಗಳನ್ನು ಬರೆಯುತ್ತ ಹೋಯಿತು. ಎಂಥ ಅಕ್ಷರ ಅಂತೀಯಾ ಅಕ್ಕಾ. ಒಂದೂ ತಿದ್ದಬೇಕಾಗಿರಲಿಲ್ಲ. ಕಡೆಗೆ ಒಂದು ದೊಡ್ಡ ಬಿಳಿ ಬೋರ್ಡಿನ ಮುಂದೆ ನಿಂತಿತು, ನಿಂತೇ ಇತ್ತು. ಎದ್ದು ಉಗುರಲ್ಲಿ ಬಣ್ಣ ಇದೆಯೇನೋ ಅಂತ ನೋಡಿಕೊಂಡೆ. ಇರಲಿಲ್ಲ.

ಅದು ಬರುವಾಗ ಬರಲಿ ಬಿಡು. ನನಗೆ ಕೂಗಿ ಕೂಗಿ ಸಾಕಾಗಿದೆ.

ನೀನು ಬೇಸರವೇ ಇಲ್ಲದೆ ಅಷ್ಟು ದೊಡ್ಡ ಗಾಜಿನ ಸುತ್ತ ನಡೆಯುತ್ತಿರುವುದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ನೀನು ಯಾವ ಮಣ್ಣಿನಿಂದ ಆದವಳೋ.

ಗುಬ್ಬಿ


ಏಪ್ರಿಲ್ 22

ಬಂಗಾರದಂಥ ಗುಬ್ಬೀ,

ನಿನ್ನ ಕಾಗದ ಹಿಡಿದುಕೊಂಡು ಕಾರ್ಖಾನೆಯೆಲ್ಲ ಸುತ್ತಿದೆ. ನನಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, ಇದು ಪೆಟ್ಟು ಬಿದ್ದ ಕೈ ಬರೆದದ್ದೇ ಅಂತ ಎರಡು ಸಲ ಕೇಳಿದರು. ಹೌದು, ನನ್ನ ತಮ್ಮ ಅಂದರೆ ಏನಂದುಕೊಂಡಿದ್ದೀರಿ ಅಂದೆ. ಜಂಬ ಕೊಚ್ಚಿಕೊಳ್ಳಲು ಅವಕಾಶ ಸಿಕ್ಕಿದಾಗ ಬಿಡಬಾರದು.

ಮೊದಲು ನಿನ್ನ ಅಕ್ಷರ ಬಲಕ್ಕೆ ವಾಲುತ್ತಿದ್ದವು, ಈಗ ಎಡಕ್ಕೆ ಒರಗಿವೆ. ಹೊಸ ನರ, ಹೊಸ ಠೀವಿ ಅಂದುಕೊಂಡೆ. ಆದರೆ ಅಲ್ಲಲ್ಲಿ ಶಾಯಿ ಕಲಸಿಹೋಗಿದೆ. ಬರೆಯುತ್ತ ಅತ್ತೆಯೇನೋ? ಇನ್ನು ಅಳುವುದೇನಿದೆ. ಗೆದ್ದೆಯಲ್ಲ.

ಇವತ್ತೆಲ್ಲ ಹಾಡುತ್ತಲೇ ತಿಕ್ಕಿದೆ. ಬೇಸಿಗೆ ಮುಗಿಯುವುದರೊಳಗೆ ಕನ್ನಡಿ ಸಿದ್ಧ.

ಅಕ್ಕ


ಜೂನ್ 15

ಗುಬ್ಬಿ,

ತಡವಾಯಿತು, ಹೊಟ್ಟೆಗೆ ಹಾಕಿಕೋ. ನಿನ್ನ ಎರಡು ಕಾಗದಗಳೂ ಬಂದಿವೆ. ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ನಡೆಯುತ್ತಿದೆ. ಆರೋಗ್ಯ ನೋಡಿಕೋ.

ತಲೆಯಲ್ಲೆಲ್ಲ ಬೂದು ಪುಡಿ ತುಂಬಿಕೊಂಡಿದೆ, ಸ್ನಾನ ಮಾಡಬೇಕು. ಇಷ್ಟು ಸಾಕು.

ಅಕ್ಕ


ಜುಲೈ 2

ಅಕ್ಕಾ,

ನಾನು ಬೋರ್ಡು ಬರೆಯುವವನು. ಬಣ್ಣದ ವಿಷಯದಲ್ಲಿ ನನ್ನ ಕಿವಿಗೆ ಹೂ ಇಡಬೇಡ.

ಕೆಂಪು ಬಂದಮೇಲೆ ಬೂದಿನ ಡಬ್ಬ ಕೋಣೆಗೇ ಬರಬಾರದು ಅಂತ ನೀನೇ ಬರೆದಿದ್ದೆ. ಮಾರ್ಚಿನಲ್ಲಿ ಮದುಮಗಳ ಉಗುರು. ಈಗ ತಲೆತುಂಬ ಬೂದು. ಕಾಗದ ಬೇರೆ ತಂತಿ ಕಳಿಸಿದ ಹಾಗಿದೆ, ಒಂದು ತಮಾಷೆ ಇಲ್ಲ, ಒಂದು ಬೈಗುಳ ಇಲ್ಲ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ತಾತನಿಗೂ ಓದಿ ಹೇಳಿದೆ. ಅವರು ಒಂದೇ ಮಾತು ಅಂದರು: "ಗಾಡಿ ಹಿಂದಕ್ಕೆ ಬಂದಿದೆ ಕಣಯ್ಯ."

ಗಾಜು ಒಡೆಯಿತಾ? ನಿನಗೇನಾದರೂ ಆಯಿತಾ? ನಿಜ ಹೇಳು. ಚೆನ್ನಾಗಿರುವವರ ಸುದ್ದಿ ಕೇಳಿ ಕೇಳಿ ನಾನು ಸೊರಗಿಹೋಗಿದ್ದೇನೆ.

ಗುಬ್ಬಿ


ಜುಲೈ 21

ಗುಬ್ಬೀ,

ಗಾಜು ಒಡೆದಿಲ್ಲ. ಒಡೆದಿದ್ದರೆ ಗಾಜಿನ ಮೇಲೆ ತಪ್ಪು ಹೊರಿಸಬಹುದಿತ್ತು.

ಮೇ ಕಡೆಯಲ್ಲಿ ಪರೀಕ್ಷೆ ಇಟ್ಟುಕೊಂಡೆವು. ಕಿಟಕಿ ಮುಚ್ಚಿ ಕೋಣೆಯನ್ನು ಕತ್ತಲು ಮಾಡಿ, ಗಾಜನ್ನು ನಿಲ್ಲಿಸಿ, ದೂರದಿಂದ ಒಂದು ಸಣ್ಣ ಬೆಳಕು ಬಿಡುತ್ತೇವೆ. ವಾಪಸ್ಸು ಬರುವ ಬೆಳಕಿಗೆ ಒಂದು ಬ್ಲೇಡು ಅಡ್ಡ ಹಿಡಿದರೆ ಗಾಜಿನ ಮೇಲೆ ನೆರಳು ಹರಡುತ್ತದೆ. ಕೈಗೆ ಸಿಗದ, ಕಣ್ಣಿಗೆ ಕಾಣದ ಉಬ್ಬು ಕೂಡ ಆ ನೆರಳಿನಲ್ಲಿ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ನಾನು ಬಗ್ಗಿ ನೋಡಿದೆ. ಉಂಗುರಗಳು. ಒಂದರೊಳಗೊಂದು, ಕೊಳಕ್ಕೆ ಕಲ್ಲು ಬಿದ್ದಾಗ ಏಳುತ್ತವಲ್ಲ, ಹಾಗೆ. ನೋಡಲು ಎಷ್ಟು ಚೆಂದ ಇತ್ತು ಗೊತ್ತಾ. ಒಂದೂ ಇರಬಾರದಿತ್ತು.

ದೊಡ್ಡ ಮೇಸ್ತ್ರಿ ಬೈಯಲಿಲ್ಲ. ನೀನು ತಿಕ್ಕುವಾಗ ಏನು ಮಾಡ್ತಿರ್ತೀಯಮ್ಮ ಅಂತ ಕೇಳಿದರು. ಹಾಡಿಕೊಳ್ಳುತ್ತೇನೆ ಅಂದೆ. ಹಾಡು ಅಂದರು. ಹಾಡಿದೆ. ಅವರು ಕಣ್ಣು ಮುಚ್ಚಿಕೊಂಡು, ಮೇಜಿನ ಮೇಲೆ ಆ ಲಯಕ್ಕೆ ಕೈ ಆಡಿಸಿದರು. ಪ್ರತಿ ಸಲವೂ ಅದೇ ಉದ್ದ, ಅದೇ ತಿರುವು, ಅದೇ ಜಾಗದಲ್ಲಿ ನಿಲ್ಲುವುದು. ಆಮೇಲೆ ಹೇಳಿದರು: "ಹಾಡೇನೋ ಚೆನ್ನಾಗಿದೆ. ಗಾಜು ಅದನ್ನ ಬರ್ಕೊಂಡುಬಿಟ್ಟಿದೆ. ಕೈ ಇಲ್ಲಿತ್ತು ತಾಯಿ, ನೀನಿರಲಿಲ್ಲ."

ನೋಡು, ನಿನ್ನ ತೊಟ್ಟಿಲು ತೂಗಿದ ಪದವನ್ನು ಗಾಜಿನ ಮೇಲೆ ಕೆತ್ತಿದ್ದೇನೆ. ಅದನ್ನು ಅಳಿಸಲು ಮತ್ತೆ ಬೂದು ಪುಡಿ. ಬೇಸರವೇ ಬರುವುದಿಲ್ಲ ಅಂದೆನಲ್ಲ, ಸುಳ್ಳು. ಮೊದಲ ತಿಂಗಳಿಂದಲೇ ತಲೆ ಚಿಟ್ಟು ಹಿಡಿದಿತ್ತು. ಅದಕ್ಕೇ ಹಾಡು, ಅದಕ್ಕೇ ಕೆರೆ, ಬೆಟ್ಟ, ಕನಸು. ಬೇಸರದಿಂದ ತಪ್ಪಿಸಿಕೊಂಡು ಓಡಿಹೋಗುತ್ತಿದ್ದೆ, ಕೈಯನ್ನು ಮಾತ್ರ ಕೆಲಸಕ್ಕೆ ಬಿಟ್ಟು. ನಿನಗೆ ಧೈರ್ಯ ಬರಲಿ ಅಂತ ಹಾಗೆ ಬರೆದೆ. ಅದರಿಂದ ನೀನು ಸೊರಗುತ್ತೀಯ ಅಂತ ತಲೆಗೆ ಹೊಳೆಯಲೇ ಇಲ್ಲ.

ಈಗ ಹಾಡಿಲ್ಲ. ಒಂದು ಸಲ ಉದ್ದ ತಳ್ಳಬೇಕು, ಒಂದು ಸಲ ಗಿಡ್ಡ, ಒಂದು ಸಲ ಓರೆ. ಸುತ್ತಿಗೊಮ್ಮೆ ಕೈ ಬದಲಿಸಬೇಕು, ಬಲಗೈ ಆದಮೇಲೆ ಎಡಗೈ. ಎಡಗೈ ಮಹಾ ಮೊದ್ದು. ಪಳಗಲಿ ಅಂತ ಸಣ್ಣಪುಟ್ಟ ಕೆಲಸವನ್ನೆಲ್ಲ ಅದರಿಂದಲೇ ಮಾಡಿಸುತ್ತಿದ್ದೇನೆ. ಬೇಸರ ಬಂದರೆ ಬರಲಿ, ಬೇಸರದ ಜೊತೆಗೇ ತಳ್ಳುತ್ತೇನೆ. ನಿನ್ನ ಕೈಯಾದರೂ ಬಂತಲ್ಲ, ಅಷ್ಟು ಸಾಕು ನನಗೆ.

ಅಕ್ಕ


ಆಗಸ್ಟ್ 9

ಗುಬ್ಬಿ,

ಇದು ನನ್ನ ಎಡಗೈ. ಅಕ್ಷರ ಹೇಗೆ ಕುಣಿಯುತ್ತಿವೆ ನೋಡು.

ಈಗ ಕುಂಬಳಕಾಯಿ ನನ್ನ ಪಾಲಿಗೆ. ಬರೆದ ಸಾಲಿನ ಮೇಲೆ ಅಂಗೈ ಒರೆಸಿಕೊಂಡೇ ಮುಂದೆ ಹೋಗಬೇಕು. ಅಂಗೈ ಅಂಚು ಕಿರುಬೆರಳಿನ ತನಕ ನೀಲಿಯಾಗಿದೆ. ಶಾಯಿ ಅಲ್ಲಲ್ಲಿ ಕಲಸಿದೆ. ನಾನು ಅಳುತ್ತಿಲ್ಲ.

ಏಪ್ರಿಲಿನಿಂದ ಬಂದ ನಿನ್ನ ಕಾಗದಗಳನ್ನು ತೆಗೆದು ಇದರ ಪಕ್ಕಕ್ಕಿಟ್ಟು ನೋಡಿದೆ. ಅವುಗಳಲ್ಲೂ ಇದೇ ಕಲೆ.

ಏನೂ ಕೇಳುವುದಿಲ್ಲ ಕಣೋ. ಗುಂಡಿಗಳು ಹೇಗಿವೆ ಅಂತ ಮಾತ್ರ ಬರಿ.

ಅಕ್ಕ


ಅಕ್ಟೋಬರ್ 12

ಗುಬ್ಬೀ,

ನಾನು ಬರೆದು ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಆರೈಕೆ ಮನೆಗೆ ಫೋನ್ ಮಾಡಿದೆ. ಚೆನ್ನಾಗಿದ್ದಾನೆ, ಊಟ ಮಾಡುತ್ತಾನೆ, ಮಾತು ಕಡಿಮೆ ಅಂದರು. ಫೋನಿಗೆ ಕರೆಯಲಾ ಅಂದಾಗ ಬೇಡ ಅಂದೆ. ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತು. ನೀನು ಮುಚ್ಚಿಟ್ಟದ್ದನ್ನು ಹಾಗೆ ಮುಖಕ್ಕೆ ಹೊಡೆದ ಹಾಗೆ ಬರೆಯಬಾರದಿತ್ತು. ನಾನೇನು ದೊಡ್ಡ ಸಾಚಾನಾ?

ಮತ್ತೆ ಕೆಂಪಿಗೆ ಬಂದಿದ್ದೇನೆ. ಒಂದು ವಿಷಯ ಹೇಳಬೇಕು ಅನ್ನಿಸಿತು. ಮೊನ್ನೆ ಪರೀಕ್ಷೆಯ ಕೋಣೆಯಲ್ಲಿ ದೊಡ್ಡ ಮೇಸ್ತ್ರಿ, ಗಾಜಿನ ಮೇಲೆ ಒಂದು ಬೆರಳಿಡು ಅಂದರು. ಸ್ವಲ್ಪ ಹೊತ್ತು ಇಟ್ಟು ತೆಗೆದೆ. ಬಗ್ಗಿ ನೋಡಿದರೆ ಬೆರಳಿಟ್ಟ ಜಾಗದಲ್ಲಿ ಒಂದು ಗುಡ್ಡ. ಬೆರಳಿನ ಬಿಸಿಗೆ ಗಾಜು ಅಷ್ಟೆತ್ತರ ಉಬ್ಬಿ ನಿಂತಿತ್ತು. ನೋಡುತ್ತ ಕೂತೆ. ಮೆಲ್ಲಗೆ, ತುಂಬ ಮೆಲ್ಲಗೆ ಅದು ಇಳಿಯುತ್ತ ಬಂದು ಎಲ್ಲದರ ಜೊತೆ ಸೇರಿಹೋಯಿತು. ಯಾರೋ ಬಂದು ಕೂತು ಎದ್ದುಹೋದಮೇಲೆ ಹಾಸಿಗೆ ಸರಿಯಾಗುತ್ತದಲ್ಲ, ಹಾಗೆ.

ನಿನ್ನ ಹೆಬ್ಬೆರಳಿಗೆ ಗಾಜು ತಿಳಿಯದಿದ್ದರೂ, ಗಾಜಿಗೆ ನಿನ್ನ ಹೆಬ್ಬೆರಳು ತಿಳಿಯುತ್ತದೆ ಅಂತ ಅನ್ನಿಸಿತು. ಹುಚ್ಚು ಯೋಚನೆ. ಆದರೂ ಬರೆದೆ.

ಅಕ್ಕ


ಡಿಸೆಂಬರ್ 9

ಗುಬ್ಬೀ,

ಕನ್ನಡಿ ಮುಗಿಯಿತು.

ಬೆಳಗ್ಗೆ ಕೋಣೆ ಮುಚ್ಚಿ ಬೆಳಕು ಬಿಟ್ಟೆವು. ದೊಡ್ಡ ಮೇಸ್ತ್ರಿ ಬಗ್ಗಿ ನೋಡಿದರು. ಬಗ್ಗಿದವರು ಏಳಲೇ ಇಲ್ಲ. ಮುದುಕ ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಎದ್ದು, "ಏನೂ ಕಾಣ್ತಿಲ್ಲ" ಅಂದರು.

ನಾನೂ ನೋಡಿದೆ. ಅಂಚಿನಿಂದ ಅಂಚಿಗೆ ಒಂದೇ ಬೂದು ನೆರಳು, ಸೂರ್ಯ ಬರುವ ಮೊದಲಿನ ಆಕಾಶದ ಹಾಗೆ. ಗುಡ್ಡವಿಲ್ಲ, ಉಂಗುರವಿಲ್ಲ. ಅದಕ್ಕಿಂತ ಸಪ್ಪೆಯಾದದ್ದನ್ನು ನಾನು ಕಂಡಿಲ್ಲ. ಇಷ್ಟು ಕಾಲ ಸುತ್ತಿದ್ದು ನೋಡಲು ಏನೂ ಇರಬಾರದು ಅಂತಲೇ. ಹೊರಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರಿಗೆ ಹೇಳಬೇಕು ಅಂದಾಗ ನೀನೇ ನೆನಪಾದದ್ದು.

ಒಪ್ಪಂದ, ಬಲಗೈ, ಎಲ್ಲ ಮರೆತುಬಿಡು. ನೀನು ಹೇಗಿದ್ದರೂ ನನ್ನ ತಮ್ಮ. ಎಡಗೈಯಲ್ಲಾದರೂ ಸರಿ, ಎರಡು ಸಾಲು ಬರಿ. ನಾನು ಕಾಯುತ್ತ ಕೂತಿದ್ದೇನೆ.

ಅಕ್ಕ


ಜನವರಿ 14

ಅಕ್ಕಾ,

ಬಲಗೈ.

ಮೂರು ಕಾಗದವೂ ಬಂದವು. ಸಿಟ್ಟಿರಲಿಲ್ಲ. ಎಡಗೈಯಲ್ಲಿ ಆಯಾ ದಿನವೇ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ.

ಟೀಚರ್ ಆಚೆ ತಿರುಗಿದರೆ ಗುಂಡಿಯನ್ನೂ ಎಡಗೈಯಲ್ಲೇ ಹಾಕುತ್ತಿದ್ದೆ. ಆಗಸ್ಟಿನಿಂದ ಮತ್ತೆ ಬಲಗೈ. ಒಮ್ಮೆ ಬಿಳಿಯವು ಮೊದಲು. ಒಮ್ಮೆ ಕಪ್ಪು. ಒಂದೊಂದನ್ನೂ ನೋಡಿ ಎತ್ತುತ್ತೇನೆ.

ಬೇಸರ ಹೋಗಿಲ್ಲ. ಪಕ್ಕದಲ್ಲೇ ಕೂತಿರುತ್ತೆ, ತಾತನ ಹಾಗೆ.

ನವೆಂಬರಿನಲ್ಲಿ ಒಂದು ಬೆಳಗ್ಗೆ ಗುಂಡಿ ತಣ್ಣಗೆ ಅನ್ನಿಸಿತು. ಹೆಬ್ಬೆರಳಿಗೆ. ಕನಸಿರಬೇಕು ಅಂತ ಯಾರಿಗೂ ಹೇಳಲಿಲ್ಲ. ಮಾರನೇ ದಿನವೂ ತಣ್ಣಗಿತ್ತು. ಹೇಳಿದೆ. ಟೀಚರ್ ಮೂಗು ಒರೆಸಿಕೊಂಡು ಬಟ್ಟಲು ಬದಲಿಸಿದರು. ಇನ್ನೂ ಸಣ್ಣ ಗುಂಡಿ.

ಕುಂಬಳಕಾಯಿ ಈಗ ನಿಂಬೆಹಣ್ಣು ನೋಡು. ಉರುಳುವುದು ನಿಂತಿಲ್ಲ. ಇಷ್ಟು ಬರೆಯಲು ಹೊಸ ವರ್ಷದ ದಿನ ಕೂತವನು.

ಬೋರ್ಡು ಇನ್ನೂ ದೂರ. ಅಂಗಡಿಯವರಿಗೆ ಕಾಯಲು ಹೇಳು.

ಅಂಗೈ ಅಂಚು ನೋಡಿಕೊಂಡೆ. ಬೆಳ್ಳಗಿದೆ.

ಬಟ್ಟಲು ತಂದಿಟ್ಟರು. ಹೋಗುತ್ತೇನೆ.

ಗುಬ್ಬಿ